ನೀರು ತಂದು ನೋಡಿದ ಮನೆಗಳು

ನಮ್ಮ ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ ಐದು ಖಾಲಿ ಬಾಟಲಿಗಳು ಸಾಲಾಗಿ ನಿಂತಿವೆ. ಪ್ರಯಾಣದಲ್ಲಿ ಕೊಂಡು, ಕುಡಿದು ಎಸೆಯುವಂಥ ಮಾಮೂಲಿ ಪ್ಲಾಸ್ಟಿಕ್ ಬಾಟಲಿಗಳು. ಒಂದೊಂದಕ್ಕೂ ಬಿಳಿ ಚೀಟಿ ಅಂಟಿಸಿದೆ. ಚೀಟಿಯ ಮೇಲೆ ನನ್ನ ಕೈಬರಹ: ಬಿಟಿಎಂ, ಪದ್ಮನಾಭನಗರ, ಜೆ.ಪಿ. ನಗರ ಎಂಟನೇ ಹಂತ, ಮೈಸೂರು, ಶ್ರೀನಗರ. ಮೊನ್ನೆ ಗ್ಯಾಸ್ ಸಿಲಿಂಡರ್ ತಂದವರು ಅವನ್ನು ನೋಡಿ, "ಏನ್ ಮೇಡಂ, ತೀರ್ಥನಾ?" ಎಂದು ಕೇಳಿದರು. ಹೌದು ಎಂದುಬಿಡೋಣ ಅನಿಸಿತು. ನಿಜ ಹೇಳಲು ಹೊರಟರೆ ಅವರ ಅರ್ಧ ದಿನದ ಕೆಲಸ ಕೆಡುತ್ತಿತ್ತು. ನಿಮಗೆ ಬಿಡುವಿದೆ ಎಂದುಕೊಂಡು ಹೇಳುತ್ತೇನೆ.

ಹದಿನಾಲ್ಕು ವರ್ಷ ನಾವು ಜಯನಗರದ ಒಂದು ಮಹಡಿ ಮನೆಯಲ್ಲಿ ಬಾಡಿಗೆಗೆ ಇದ್ದೆವು. ನಾನು, ನನ್ನ ಗಂಡ ಗಿರೀಶ, ಅಪ್ಪ ಹೋದ ಮೇಲೆ ನಮ್ಮ ಜೊತೆಗೇ ಬಂದು ನೆಲೆಸಿದ ಅಮ್ಮ. ಕಳೆದ ವರ್ಷ ಗಣೇಶನ ಹಬ್ಬದ ದಿನ ಕೆಳಗಿನ ಮನೆಯ ಓನರ್ ಆಂಟಿ ಮೇಲೆ ಬಂದರು. ಕಡುಬಿನ ಡಬ್ಬಿಯನ್ನು ನನ್ನ ಕೈಗಿಟ್ಟು, "ಮಗಳು ವಾಪಸ್ ಬರ್ತಿದಾಳೆ ಕಣಮ್ಮ. ಈ ಮನೆ ಬೇಕಾಗತ್ತೆ. ಅವಸರ ಏನಿಲ್ಲ, ಯುಗಾದಿ ತನಕ ಟೈಮ್ ತಗೊಳ್ಳಿ" ಎಂದರು. ಬಿಸಿ ಕಡುಬು ಹಿಡಿದುಕೊಂಡು ಯಾರಾದರೂ ಏನೆನ್ನಲು ಸಾಧ್ಯ? "ಆಗಲಿ ಆಂಟಿ" ಎಂದೆ.

ಮಾರನೆಯ ದಿನ ಅಮ್ಮ ಹಣೆಗೆ ವಿಭೂತಿ ಇಟ್ಟುಕೊಳ್ಳುತ್ತಾ, ಕನ್ನಡಿ ನೋಡಿಕೊಂಡೇ ಹೇಳಿದಳು.

"ಇನ್ನೊಂದ್ ಬಾಡಿಗೆ ಮನೇಲಿ ಹಾಲುಕ್ಕಿಸೋಕೆ ನಾನು ಬರಲ್ಲ. ಹನ್ನೊಂದಾಯ್ತು. ಸ್ವಂತದ್ದು ಸಿಕ್ಕಿದ್ರೆ ಸರಿ. ಇಲ್ಲಾಂದ್ರೆ ಪ್ರಸನ್ನನ ಹತ್ರ ಹೋಗ್ತೀನಿ."

ಪ್ರಸನ್ನ ನನ್ನ ತಮ್ಮ. ಮೈಸೂರಿನಲ್ಲಿದ್ದಾನೆ. ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸಂಜೆಯ ಹೊತ್ತಿಗೆ ಇಳಿಯುತ್ತಿತ್ತು. ಕಾಲೇಜಿನಿಂದ ಬಂದು ಚಪ್ಪಲಿ ಬಿಡುವಾಗ ಒಳಗಿನಿಂದ "ಬಂದ್ಯಾ?" ಎಂಬ ಒಂದು ಮಾತು ಕೇಳಿಸುತ್ತದಲ್ಲ, ಅದು ಇಲ್ಲದ ಮನೆಯನ್ನು ನಾನು ಊಹಿಸಿಕೊಂಡು ನೋಡಿದೆ. ಎಷ್ಟು ಬೆಡ್‌ರೂಮ್ ಇದ್ದರೂ ಅದು ಗೋದಾಮಿನ ಹಾಗೆ ಕಂಡಿತು.

ಹನ್ನೊಂದು ಮನೆ ಎಂಬ ಲೆಕ್ಕದ ಬಗ್ಗೆ ನನಗೆ ಅನುಮಾನವಿತ್ತು. ನನ್ನ ಎಣಿಕೆಗೆ ಸಿಕ್ಕಿದ್ದು ಒಂಬತ್ತು. "ಎರಡು ನಾನು ಹುಟ್ಟೋಕೆ ಮುಂಚೆಯವಾ?" ಎಂದರೆ, "ಒಂದು ಮುಂಚೆ. ಇನ್ನೊಂದರಲ್ಲಿ ನೀನು ಎರಡು ವರ್ಷ ಇದ್ದೆ, ಅಲ್ಲೇ ಮೆಟ್ಟಿಲಿಂದ ಬಿದ್ದು ಹಲ್ಲು ಮುರ್ಕೊಂಡೆ" ಎಂದಳು. ಆ ಹಲ್ಲನ್ನು ನಾನು ಶಾಲೆಯ ಮೈದಾನದಲ್ಲಿ ಮುರಿದುಕೊಂಡೆ ಎಂದು ಇಷ್ಟು ವರ್ಷವೂ ಹೇಳಿಕೊಂಡು ಬಂದಿದ್ದೆ. ಯಾರು ಬಿದ್ದರು, ಎಲ್ಲಿ ಬಿದ್ದರು, ಈಗ ಯಾರನ್ನು ಕೇಳುವುದು? ನಾನು ಚರಿತ್ರೆ ಪಾಠ ಮಾಡುವವಳು. ಆಧಾರವಿಲ್ಲದ ಮಾತನ್ನು ನಂಬಬೇಡಿ ಎಂದು ತರಗತಿಯಲ್ಲಿ ಹೇಳುತ್ತೇನೆ. ನನ್ನ ಹಲ್ಲಿಗೇ ಆಧಾರವಿಲ್ಲ.

ಹೀಗೆ ಮನೆ ಹುಡುಕಾಟ ಶುರುವಾಯಿತು. ಬ್ರೋಕರ್ ಮಂಜಣ್ಣ ಜೆ.ಪಿ. ನಗರದ ಹಳೇ ಊರಿನವರು. ಅವರ ಮನೆತನದ ಹೊಲಗಳ ಮೇಲೆಯೇ ಈಗಿನ ಎಷ್ಟೋ ಅಡ್ಡರಸ್ತೆಗಳು ಎದ್ದಿವೆ. ಎಂಟನೇ ಹಂತದ ಅಪಾರ್ಟ್‌ಮೆಂಟಿನ ಗೇಟಿನ ಎದುರು ನಿಂತು, "ಇದೆಲ್ಲಾ ನಮ್ ತಾತನ ರಾಗಿ ಹೊಲ ಮೇಡಂ" ಎಂದರು. ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳಿದೆ. ನಕ್ಕುಬಿಟ್ಟರು. "ಅದೇ ಗೊತ್ತಾಗಲ್ಲ. ನಮ್ಮಪ್ಪ ಆ ಟ್ರಾನ್ಸ್‌ಫಾರ್ಮರ್ ತೋರಿಸ್ತಾರೆ, ನಮ್ ಚಿಕ್ಕಪ್ಪ ಈ ಬೇಕರಿ ತೋರಿಸ್ತಾರೆ. ಹಬ್ಬಕ್ಕೆ ಸೇರಿದಾಗಲೆಲ್ಲಾ ಇದೇ ಜಗಳ."

ಮನೆ ಏಳನೇ ಮಹಡಿಯಲ್ಲಿತ್ತು. ಕೆಳಗೆ ಈಜುಕೊಳ, ಜಿಮ್ಮು, ಮಕ್ಕಳಿಗೆ ಜಾರುಬಂಡೆ. ಗಿರೀಶ ಗೋಡೆಗಳನ್ನು ತಟ್ಟಿ ನೋಡುತ್ತಿದ್ದ. ನಾನು ಕಿಟಕಿಯಲ್ಲಿ ನಿಂತು ಇಲ್ಲಿಂದ ಕಾಲೇಜಿಗೆ ಎಷ್ಟು ಸಿಗ್ನಲ್ ಎಂದು ಎಣಿಸುತ್ತಿದ್ದೆ. ಅಮ್ಮ ನೇರವಾಗಿ ಅಡುಗೆಮನೆಗೆ ಹೋಗಿ, ಕೈಚೀಲದಿಂದ ಖಾಲಿ ಬಾಟಲಿ ತೆಗೆದು ನಲ್ಲಿಯ ಕೆಳಗೆ ಹಿಡಿದಳು.

"ಬಾಯಾರಿಕೆನಾ ಅಮ್ಮ? ಬಿಸ್ಲೆರಿ ತರಿಸ್ತೀನಿ, ಇದು ಬೇಡ" ಎಂದರು ಮಂಜಣ್ಣ.

"ಕುಡಿಯೋಕಲ್ಲಪ್ಪ. ಬೇಳೆ ಬೇಯಿಸೋಕೆ."

ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಎಷ್ಟು ಕುದಿಸಿದರೂ ಕಾಳು ಕಾಳಾಗಿ ನೀರಿನಲ್ಲಿ ಸುತ್ತುತ್ತಲೇ ಇರುತ್ತದೆ. ಬೆಂಗಳೂರಿನಲ್ಲಿ ಸಂಸಾರ ಮಾಡಿದವರಿಗೆಲ್ಲ ಇದು ಗೊತ್ತು. ಆದರೆ ಗೊತ್ತಿರುವುದನ್ನು ಅಮ್ಮ ಒಂದು ಪದ್ಧತಿಯನ್ನಾಗಿ ಮಾಡಿಕೊಂಡಳು. ಮನೆಗೆ ಬಂದು, ಒಂದೇ ಅಳತೆಯ ಎರಡು ಪಾತ್ರೆಗಳಲ್ಲಿ ಒಂದೊಂದು ಹಿಡಿ ಬೇಳೆ ಹಾಕಿ, ಒಂದಕ್ಕೆ ನಮ್ಮ ಮನೆಯ ಕಾವೇರಿ ನೀರು, ಇನ್ನೊಂದಕ್ಕೆ ಬಾಟಲಿಯ ನೀರು ಸುರಿದು, ಅಕ್ಕಪಕ್ಕದ ಒಲೆಗಳ ಮೇಲಿಟ್ಟಳು. ಕುಕ್ಕರ್ ಯಾಕೆ ಬೇಡ ಎಂದು ಕೇಳಿದೆ. "ಕುಕ್ಕರಲ್ಲಿ ಕಲ್ಲೂ ಬೇಯತ್ತೆ. ಪರೀಕ್ಷೆ ಅಂದ್ಮೇಲೆ ಕಾಪಿ ಹೊಡೀಬಾರ್ದು."

ಗಿರೀಶ ನೀರಿನ ಗಡಸು ಅಳೆಯುವ ಪೆನ್ನಿನಂಥ ಒಂದು ಉಪಕರಣ ತರಿಸಿದ. ಅದನ್ನು ನೀರಿನಲ್ಲಿ ಅದ್ದಿದರೆ ಸಂಖ್ಯೆ ಬರುತ್ತದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಸರಿ, ನಂಬರ್ ಬಂತು. ಇದನ್ನ ಅನ್ನಕ್ಕೆ ಕಲೆಸ್ಕೊಂಡ್ ತಿನ್ನೋಕಾಗತ್ತಾ?" ಅವನು ಪೆನ್ನನ್ನು ಡ್ರಾಯರಿನಲ್ಲಿ ಇಟ್ಟ. ಎಂಟನೇ ಹಂತದ ಬೇಳೆ ಒಂದು ಗಂಟೆಯ ನಂತರವೂ ಅಂಗಡಿಯಿಂದ ಈಗಷ್ಟೇ ಬಂದಂತೆ ಹೊಳೆಯುತ್ತಿತ್ತು.

ಆ ಮೇಲಿನ ಭಾನುವಾರಗಳು ಬಡಾವಣೆಗಳಲ್ಲಿ ಕಳೆದವು. ಬಿಟಿಎಂನ ಮನೆಯ ಹಾಲ್‌ನಿಂದ ನೋಡಿದರೆ ಎದುರಿಗೆ ಪಿ.ಜಿ. ಕಟ್ಟಡ. ಪ್ರತಿ ಬಾಲ್ಕನಿಯಲ್ಲೂ ಜೀನ್ಸ್ ಪ್ಯಾಂಟುಗಳು ತಲೆಕೆಳಗಾಗಿ ನೇತಾಡುತ್ತಿದ್ದವು, ಇನ್ನೊಂದು ಕಡೆಯಿಂದ ತೆಲುಗು ಹಾಡು, ಮತ್ತೊಂದು ಕಡೆಯಿಂದ ಒಗ್ಗರಣೆಯ ಘಾಟು. ಅಮ್ಮನಿಗೆ ಅದು ಬಹಳ ಇಷ್ಟವಾಯಿತು. "ಎಷ್ಟ್ ಜನ ಇದಾರೆ ನೋಡೇ!" ಎಂದು ಸಂತೆಗೆ ಬಂದವಳಂತೆ ನಿಂತಳು. ಆದರೆ ವಾಪಸ್ಸು ಬರುವಾಗ ಮಡಿವಾಳದ ದಟ್ಟಣೆಯಲ್ಲಿ ಸಿಕ್ಕಿಕೊಂಡು, ಮಡಿಲಲ್ಲಿದ್ದ ಬಾಟಲಿಯ ನೀರನ್ನೇ ಕುಡಿಯುವ ಪ್ರಸಂಗ ಬಂತು. ಅರ್ಧ ಬಾಟಲಿಯಲ್ಲಿ ಪರೀಕ್ಷೆ ನಡೆಯಿತು. ಬೇಳೆ ಅರ್ಧ ಬೆಂದಿತು. ಪದ್ಮನಾಭನಗರದ ಮನೆ ಎಲ್ಲ ರೀತಿಯಲ್ಲೂ ಚೆನ್ನಾಗಿತ್ತು, ಬೇಳೆಯೂ ಬೆಂದಿತು. ಆದರೆ ಮಾರುವವರು ಮನಸ್ಸು ಬದಲಾಯಿಸಿ ಮಗನಿಗೇ ಕೊಟ್ಟರು. ನನಗೆ ಒಳಗೊಳಗೇ ಸಮಾಧಾನವಾಯಿತು.

ಯಾಕೆಂದರೆ ನನ್ನ ಮನಸ್ಸಿನಲ್ಲಿ ಒಂದು ಮನೆ ಆಗಲೇ ಇತ್ತು. ಅದು ಶ್ರೀನಗರದಲ್ಲಿತ್ತು.

ನನ್ನ ಹದಿಮೂರನೇ ವಯಸ್ಸಿನವರೆಗೆ ನಾವಿದ್ದದ್ದು ಶ್ರೀನಗರದ ಒಂದು ವಠಾರದಲ್ಲಿ. ಸಾಲಾಗಿ ಆರು ಮನೆಗಳು, ಅಂಗಳದ ನಡುವೆ ಬಾವಿ, ಬಾವಿಗೆ ಬಾಗಿದ ಸಂಪಿಗೆ ಮರ. ಬೇಸಿಗೆಯಲ್ಲೂ ತಣ್ಣಗಿರುತ್ತಿದ್ದ ಕೆಂಪು ಗಾರೆಯ ನೆಲ. ಬಾವಿಯ ನೀರು ಎಳನೀರಿನ ಹಾಗಿತ್ತು. ಆ ನೀರಿನಲ್ಲಿ ಅಮ್ಮ ಮಾಡುತ್ತಿದ್ದ ಸಾರಿನ ರುಚಿ ಮತ್ತೆಲ್ಲೂ ಬರಲಿಲ್ಲ. ಇದನ್ನು ನಾನು ಗಿರೀಶನಿಗೆ ಎಷ್ಟು ಸಲ ಹೇಳಿದ್ದೇನೆಂದರೆ, ನಾನು ಬಾಯಿ ತೆರೆಯುವ ಮೊದಲೇ ಅವನು "ಎಳನೀರು" ಎನ್ನುತ್ತಾನೆ. ಆ ವಠಾರ ಈಗಿಲ್ಲ. ಆದರೆ ಅದೇ ಅಡ್ಡರಸ್ತೆಯಲ್ಲಿ ಎದ್ದಿರುವ ಕಟ್ಟಡದಲ್ಲಿ ಒಂದು ಮನೆ ಮಾರಾಟಕ್ಕಿದೆ ಎಂದು ಮಂಜಣ್ಣ ಹೇಳಿದ್ದರು. ನಾನು ಅದನ್ನು ಅಮ್ಮನಿಗೆ ಕೊನೆಯಲ್ಲಿ ತೋರಿಸಬೇಕೆಂದು ಇಟ್ಟುಕೊಂಡಿದ್ದೆ.

ಅಷ್ಟರಲ್ಲಿ ಪ್ರಸನ್ನ ನಮ್ಮನ್ನು ಮೈಸೂರಿಗೆ ಕರೆಸಿಕೊಂಡ. "ಅಕ್ಕಾ, ಅಲ್ಲಿ ಒಂದು ಫ್ಲಾಟಿಗೆ ಕೊಡೋದರಲ್ಲಿ ಇಲ್ಲಿ ಮನೆ, ಮುಂದೆ ಗಾರ್ಡನ್ನು, ಹಿಂದೆ ತೆಂಗಿನಮರ, ಎಲ್ಲಾ ಬರತ್ತೆ. ಭಾವಂಗೂ ಹೇಳು. ಇಬ್ಬರೂ ಇಲ್ಲಿಗೇ ಬಂದ್ಬಿಡಿ." ಇಬ್ಬರ ಕೆಲಸವೂ ಬೆಂಗಳೂರಿನಲ್ಲಿ. ನಾವು ಬರಲಾಗದಿದ್ದರೂ ಅಮ್ಮನಿಗೆ ಒಂದು ಕೋಣೆ ಸಿದ್ಧವಾಗಿದೆ ಎಂದು ತೋರಿಸುವುದು ಅವನ ಉದ್ದೇಶ. ತೋರಿಸಿದ. ಗಾಳಿ, ಬೆಳಕು, ಕಿಟಕಿಯಾಚೆ ದಾಸವಾಳ. ಮಧ್ಯಾಹ್ನ ಅಮ್ಮ ಗೇಟಿನ ಹತ್ತಿರ ನಿಂತು ಬೀದಿಯ ಎರಡೂ ತುದಿ ನೋಡಿದಳು.

"ಇಲ್ಲಿ ಜನ ಎಲ್ಲಿ ಹೋಗಿದಾರೋ ಪ್ರಸನ್ನ?"

"ಮಧ್ಯಾಹ್ನ ಅಲ್ವೇನಮ್ಮಾ, ಮಲಗಿರ್ತಾರೆ."

"ಎಲ್ಲರೂನಾ?"

ನಾನು ನಗುವನ್ನು ತಡೆದುಕೊಂಡೆ. ಆದರೆ ಮರುದಿನ ಜಯನಗರದಲ್ಲಿ ಮೈಸೂರಿನ ನೀರು ಒಲೆಯ ಮೇಲೆ ಕುದಿಯುವಾಗ ನಗು ಬರಲಿಲ್ಲ. ಬೇಳೆ ಬೆಣ್ಣೆಯ ಹಾಗೆ ಕರಗಿತು. ಸೌಟಿನಿಂದ ಒತ್ತುವ ಅಗತ್ಯವೂ ಬೀಳಲಿಲ್ಲ. ನಮ್ಮ ಮನೆಯ ನೀರಿಗಿಂತಲೂ ಮೊದಲೇ. ಅಮ್ಮ ಬಹಳ ಹೊತ್ತು ಪಾತ್ರೆಯನ್ನೇ ನೋಡಿ, "ಪ್ರಸನ್ನನ ಮನೆ ನೀರು ಒಳ್ಳೇದು" ಎಂದಳು. ಅಷ್ಟೇ ಅಂದದ್ದು. ಆದರೆ ಆಗ ಯುಗಾದಿಗೆ ಉಳಿದದ್ದು ಎರಡು ತಿಂಗಳು.

ಮುಂದಿನ ವಾರ ಶ್ರೀನಗರದ ಮನೆ ನೋಡಿದೆವು. ಆ ರಸ್ತೆಗೆ ಕಾಲಿಟ್ಟಾಗ ನನಗೆ ಏನೂ ಗುರುತು ಸಿಗಲಿಲ್ಲ. ಆದರೂ "ಇಲ್ಲೇ, ಇಲ್ಲೇ" ಎನ್ನುತ್ತಾ ಮುಂದೆ ಮುಂದೆ ನಡೆದೆ. ಅಮ್ಮ ಹಿಂದೆ ಸುಮ್ಮನೆ ಬಂದಳು. ಬಾಟಲಿ ತುಂಬಿಸಿದ್ದೂ ನಾನೇ.

ಈಗ ಹೇಳಬೇಕಾದ ಮಾತು ಸ್ವಲ್ಪ ನಾಚಿಕೆಯದು. ಮರುದಿನ ಮಧ್ಯಾಹ್ನ ಅಮ್ಮ ಮಲಗಿದ್ದಾಗ ನಾನು ಮೆಲ್ಲಗೆ ಅಡುಗೆಮನೆಗೆ ಹೋಗಿ ಶ್ರೀನಗರದ ನೀರಿನಲ್ಲಿ ಒಂದು ಹಿಡಿ ಬೇಳೆ ಇಟ್ಟೆ. ಸುಮ್ಮನೆ ಧೈರ್ಯಕ್ಕೆ. ಬೇಯಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಬಿಟ್ಟೆ. ಬೇಯಲಿಲ್ಲ. ಬೇಳೆಯನ್ನು ಗಿಡದ ಬುಡಕ್ಕೆ ಸುರಿದೆ. ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಸಿಂಕಿಗೆ ಚೆಲ್ಲಿ, ನಮ್ಮದೇ ನಲ್ಲಿಯ ಕಾವೇರಿಯನ್ನು ಅದಕ್ಕೆ ತುಂಬಿಸಿ, ಚೀಟಿ ಒದ್ದೆಯಾಗದಂತೆ ಸೆರಗಿನಿಂದ ಒರೆಸಿ, ಇದ್ದ ಜಾಗದಲ್ಲೇ ಇಟ್ಟೆ. ಇಪ್ಪತ್ತು ವರ್ಷದಿಂದ ಆಧಾರಗಳನ್ನು ತಿದ್ದಬಾರದು ಎಂದು ಪಾಠ ಹೇಳುತ್ತಾ ಬಂದವಳು ನಾನು.

ಸಂಜೆ ಅಮ್ಮ ಎರಡು ಪಾತ್ರೆ ಇಟ್ಟಳು. ಎರಡೂ ಜೊತೆಗೆ ಕುದಿ ಬಂದವು, ಜೊತೆಗೆ ನೊರೆ ಕಟ್ಟಿದವು, ಜೊತೆಗೆ ಬೆಂದವು. ನಾನು ಪಕ್ಕದಲ್ಲಿ ನಿಂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದೆ. ಬಹಳ ಶ್ರದ್ಧೆಯಿಂದ ಬಿಡಿಸುತ್ತಿದ್ದೆ. ಅಮ್ಮ ಎರಡರಿಂದಲೂ ಒಂದೊಂದು ಚಮಚ ತೆಗೆದು ರುಚಿ ನೋಡಿ ಒಲೆ ಆರಿಸಿದಳು.

"ಇದು ನಮ್ಮನೇ ನೀರು ಕಣೇ."

"ಏನಮ್ಮಾ ಹಾಗಂದ್ರೆ? ಶ್ರೀನಗರದ್ದು..."

"ಯಾವತ್ತೂ ಎರಡು ಪಾತ್ರೆ ಒಂದೇ ಸಲಕ್ಕೆ ಬೆಂದಿಲ್ಲ. ನಿಮ್ ಕಾಲೇಜ್ ಮಕ್ಕಳು ಕಾಪಿ ಹೊಡೆದಾಗ್ಲೂ ಹಿಂಗೇ ಸಿಕ್ಕಿಬೀಳ್ತಾರಾ?"

ಗಿರೀಶ ಅಡುಗೆಮನೆಯ ಬಾಗಿಲಿಗೆ ಬಂದವನು ನನ್ನ ಮುಖ ನೋಡಿ ಹಾಗೆಯೇ ಹಿಂದಕ್ಕೆ ಹೋದ. ನಾನು ಎಲ್ಲವನ್ನೂ ಒಪ್ಪಿಕೊಂಡೆ. ನೀನು ಮೈಸೂರಿಗೆ ಹೋಗಬಾರದು ಎಂದೆ. ಶ್ರೀನಗರದಲ್ಲಾದರೆ ನಿನಗೂ ಹಳೆಯದೆಲ್ಲ ಸಿಗುತ್ತದೆ ಅಂದುಕೊಂಡೆ ಎಂದೆ. ಆ ಬಾವಿ, ಆ ಸಿಹಿನೀರು.

"ಯಾವ ಸಿಹಿನೀರು?"

"ವಠಾರದ ಬಾವಿದು."

ಅಮ್ಮ ಸ್ಟೂಲಿನ ಮೇಲೆ ಕುಳಿತಳು. "ಆ ಬಾವಿ ನೀರು ಬಟ್ಟೆ ಒಗೆಯೋಕೂ ಲಾಯಕ್ಕಿರಲಿಲ್ಲ. ಸೋಪು ನೊರೆ ಬರ್ತಿರಲಿಲ್ಲ. ಕುಡಿಯೋಕೆ, ಅಡುಗೆಗೆ, ಎರಡು ಬೀದಿ ಆಚೆ ನಲ್ಲಿಯಿಂದ ಹೊತ್ತು ತರ್ತಿದ್ದೆ. ದಿನಾ ನಾಲ್ಕು ಕೊಡ. ಪ್ರಸನ್ನ ಹೊಟ್ಟೇಲಿದ್ದಾಗ್ಲೂ. ಒಂದೊಂದು ದಿನ ಸಾಕಾಗಿ ಬಾವಿ ನೀರಲ್ಲೇ ಬೇಳೆ ಇಟ್ಟುಬಿಡ್ತಿದ್ದೆ. ಬೇಯ್ತಿರಲಿಲ್ಲ. ನಿಮ್ಮಪ್ಪ ತಟ್ಟೇಲಿ ಬೇಳೆ ಪಕ್ಕಕ್ಕೆ ಸರಿಸಿ ಊಟ ಮಾಡೋರು, ಒಂದು ಮಾತೂ ಆಡದೆ." ಕೈಯಲ್ಲಿದ್ದ ಚಮಚವನ್ನು ಕಟ್ಟೆಯ ಮೇಲಿಟ್ಟಳು. "ನಿಂಗೆ ಸಿಹಿ ಇತ್ತು. ನೀನು ಹೊತ್ತಿರಲಿಲ್ಲವಲ್ಲ."

"ಸಂಪಿಗೆ ಮರ ಇತ್ತಾ?" ಎಂದು ಕೇಳಿದೆ.

"ಇತ್ತು. ಪಕ್ಕದ ವಠಾರದಲ್ಲಿ."

ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ನನ್ನ ಹಳೆಯ ಡೈರಿಗಳಿವೆ. ಅಪ್ಪನ ಆಫೀಸಿನಲ್ಲಿ ಹೊಸ ವರ್ಷಕ್ಕೆ ಕೊಡುತ್ತಿದ್ದ ರಟ್ಟಿನ ಡೈರಿಗಳನ್ನು ನಾನು ತುಂಬಿಸುತ್ತಿದ್ದೆ. ಶ್ರೀನಗರದ ಕೊನೆಯ ವರ್ಷದ್ದನ್ನು ಹುಡುಕಿ ತೆಗೆದೆ. ಗೆಳತಿಯೊಡನೆ ಠೂ ಬಿಟ್ಟದ್ದು ಮೂರು ಪುಟ ಇದೆ. ಗಣಿತದ ಮೇಷ್ಟರ ಬಗ್ಗೆ ಇದೆ. ನೀರಿನ ಬಗ್ಗೆ ಏನೂ ಇಲ್ಲ. ಒಂದು ಕಡೆ ಮಾತ್ರ, ಅಚ್ಚುಕಟ್ಟಾದ ಅಕ್ಷರದಲ್ಲಿ, "ಇವತ್ತು ಸಾರು ಚೆನ್ನಾಗಿತ್ತು" ಎಂದಿದೆ. ಸುಳ್ಳೇನೂ ಬರೆದಿಲ್ಲ. ಆ ಸಾರಿನೊಳಗಿನ ನೀರು ಎಲ್ಲಿಂದ ನಡೆದು ಬಂತು ಎಂದು ಬರೆಯುವುದು ಹನ್ನೆರಡು ವರ್ಷದ ಹುಡುಗಿಗೆ ಹೊಳೆದಿರಲಿಲ್ಲ. ನಲವತ್ತೆಂಟರ ನನಗೂ ಹೊಳೆದಿರಲಿಲ್ಲ ಎಂಬುದೇ ಕಷ್ಟದ ಮಾತು. ಈಗ ಇದನ್ನು ಬರೆಯುವಾಗಲೂ, ಅಮ್ಮ ಹೇಳಿದ ನಾಲ್ಕು ಕೊಡ ನಾಲ್ಕೇ ಇದ್ದವೋ ಎಂದು ನನ್ನೊಳಗಿನ ಚರಿತ್ರೆಯ ಮೇಡಂ ಕೇಳುತ್ತಾಳೆ. ಎರಡಿದ್ದರೂ ಹೊತ್ತವಳು ಅವಳೇ ಎಂದು ಸುಮ್ಮನಾಗಿಸುತ್ತೇನೆ.

ಅಂದಿನಿಂದ ಶ್ರೀನಗರದ ಮಾತು ನಾನೇ ಬಿಟ್ಟೆ. ಒಂದು ಹಳೆಯ ನೋವು ಕಳೆದುಕೊಂಡ ಹಾಗೆ ಹಗುರವೂ ಆಯಿತು. ಇಷ್ಟು ದಿನ ನಾನು ಒಂದೊಂದು ಮನೆಯನ್ನೂ ಇಲ್ಲದ ಬಾವಿಯ ಪಕ್ಕದಲ್ಲಿಟ್ಟು ಅಳೆಯುತ್ತಿದ್ದೆ. ಬಿಟಿಎಂ ಪಾಪ ಏನು ಮಾಡಬೇಕಿತ್ತು?

ಫೆಬ್ರವರಿಯ ಒಂದು ಭಾನುವಾರ ಮಂಜಣ್ಣ ಫೋನ್ ಮಾಡಿದರು. "ಮೇಡಂ, ಜೆ.ಪಿ. ನಗರ ಆರನೇ ಹಂತದಲ್ಲಿ ಒಂದಿದೆ. ಹಳೇ ಬಿಲ್ಡಿಂಗು. ಎಂಟೇ ಮನೆ. ಲಿಫ್ಟ್ ಇಲ್ಲ, ಆದರೆ ನಿಮ್ಮದು ನೆಲಮಹಡಿ. ಅಮ್ಮಂಗೆ ಬಾಟ್ಲಿ ತರೋಕ್ ಹೇಳಿ."

ಹೋದೆವು. ಬಣ್ಣ ಮಾಸಿದ ಕಟ್ಟಡ. ಗೇಟಿನ ಎದುರೇ ಹೂವಿನವಳು, ಅವಳ ಪಕ್ಕದಲ್ಲಿ ಇಸ್ತ್ರಿ ಗಾಡಿ, ಸ್ವಲ್ಪ ಆಚೆ ತರಕಾರಿ ಅಂಗಡಿ. ಅಮ್ಮ ಒಳಗೆ ಬರುವ ಮೊದಲೇ ಹೂವಿನವಳ ಜೊತೆ ಮಲ್ಲಿಗೆಯ ಮೊಳದ ಬಗ್ಗೆ ಒಂದು ಸುತ್ತು ಜಗಳವಾಡಿ ಬಂದಳು. ಒಳಗೆ ಎರಡು ಕೋಣೆ, ಒಂದು ಉದ್ದನೆಯ ಅಡುಗೆಮನೆ. ಅಮ್ಮ ಬಾಟಲಿ ತೆಗೆದು ನಲ್ಲಿ ತಿರುಗಿಸುವಷ್ಟರಲ್ಲಿ ಎದುರು ಮನೆಯ ಹೆಂಗಸು ಬಾಗಿಲಲ್ಲಿ ಇಣುಕಿದಳು. ಹೆಸರು ಸೆಲ್ವಿ ಎಂದು ಆಮೇಲೆ ತಿಳಿಯಿತು. ಕೈಯಲ್ಲಿ ಅರ್ಧ ಹೆಚ್ಚಿದ ಬೀನ್ಸ್ ತಟ್ಟೆ ಇತ್ತು.

"ಆಂಟಿ, ಅದು ಹಿಡೀಬೇಡಿ. ಈಗ ಬೋರ್ ನೀರು ಬರ್ತಿರೋದು."

"ಬೇಳೆ ಬೇಯತ್ತಾಮ್ಮ ಇದರಲ್ಲಿ?"

"ಎಲ್ಲಿ ಬೇಯತ್ತೆ ಆಂಟಿ! ಆರು ವರ್ಷದಿಂದ ನೋಡ್ತಿದೀನಲ್ಲ."

ಮಂಜಣ್ಣನ ಮುಖ ಸಣ್ಣದಾಯಿತು. "ಅಕ್ಕ, ಸ್ವಲ್ಪ ನೀವು ಒಳಗೆ..."

"ಅವಳನ್ನ ಯಾಕಪ್ಪ ಗದರ್ತೀಯ? ನೀನು ಹೇಳಮ್ಮ."

ಸೆಲ್ವಿ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ವಿವರವಾಗಿ ಹೇಳಿದಳು. ವಾರದಲ್ಲಿ ಮೂರು ದಿನ ಕಾವೇರಿ ಬರುತ್ತದೆ: ಮಂಗಳವಾರ, ಗುರುವಾರ, ಶನಿವಾರ. ಬೆಳಿಗ್ಗೆ ಆರಕ್ಕೆ. ಆದರೆ ನೆಲದಡಿಯ ನೀರಿನ ಸಂಪಿನ ಹತ್ತಿರ ವಾಲ್ವ್ ತಿರುಗಿಸಬೇಕು. ಮರೆತರೆ ಆ ದಿನದ ನೀರು ಹೋದ ಹಾಗೆ. "ಇಡೀ ಬಿಲ್ಡಿಂಗಿಗೆ ನಾನೊಬ್ಳೇ ಎದ್ದು ತಿರುಗಿಸ್ಬೇಕು ಆಂಟಿ. ಆರೂವರೆಗೆ ಕೆಲಸಕ್ಕೆ ಹೊರಡೋಳು ನಾನು. ಯಾರಿಗ್ ಹೇಳಿದ್ರೂ ಹೂಂ ಅಂತಾರೆ, ಏಳಲ್ಲ. ಇರಿ, ನಿನ್ನೆ ಹಿಡಿದಿಟ್ಟಿದ್ದು ಇದೆ, ಅದನ್ನ ಒಂದ್ ಬಾಟ್ಲಿ ಕೊಡ್ತೀನಿ."

ಅಮ್ಮ ಅವಳನ್ನು ತಡೆದಳು. "ಬೇಡಮ್ಮ, ಇಟ್ಕೋ. ನಿಂಗೇ ಬೇಕಾಗತ್ತೆ." ಖಾಲಿ ಬಾಟಲಿಗೆ ಮುಚ್ಚಳ ಹಾಕಿ ಚೀಲಕ್ಕೆ ಸೇರಿಸಿದಳು. "ಆ ವಾಲ್ವ್ ಎಲ್ಲಿದೆ, ತೋರಿಸು."

ಇಬ್ಬರೂ ಹೊರಗೆ ಹೋದರು. ನಾವು ಮೂವರು ಖಾಲಿ ಅಡುಗೆಮನೆಯಲ್ಲಿ ನಿಂತಿದ್ದೆವು. "ಅಷ್ಟು ಕಷ್ಟಪಟ್ಟು ಇದೊಂದು ಹುಡುಕಿದ್ದೆ ಸಾರ್" ಎಂದು ಮಂಜಣ್ಣ ಗಿರೀಶನಿಗೆ ಹೇಳಿದರು, ದುಃಖದಲ್ಲಿ. ಕಿಟಕಿಯಿಂದ ಅಮ್ಮ ಕಾಣುತ್ತಿದ್ದಳು. ಸೊಂಟದ ಮೇಲೆ ಕೈಯಿಟ್ಟು, ಬಗ್ಗಿ, ಏನೋ ಪ್ರಶ್ನೆ ಕೇಳುತ್ತಿದ್ದಳು. ಒಂದು ಸಲ ತಾನೇ ಕೈಹಾಕಿ ತಿರುಗಿಸಿ ನೋಡಿದಳು.

ವಾಪಸ್ಸು ಬಂದವಳು ಸೆರಗಿಗೆ ಕೈ ಒರೆಸಿಕೊಂಡು, "ಈ ಮನೆ ಆಗಬಹುದು" ಎಂದಳು.

ಗಿರೀಶನಿಗೆ ಅರ್ಥವಾಗಲಿಲ್ಲ. "ಅತ್ತೆ, ಬೇಳೆ ಬೇಯಲ್ಲ ಅಂತ ಅವರೇ ಹೇಳಿದರಲ್ಲ?"

"ಹೇಳಿದಳಲ್ಲ. ಅದಕ್ಕೇ."

ಯುಗಾದಿಗೆ ನಾಲ್ಕು ದಿನ ಮುಂಚೆ ಹಾಲುಕ್ಕಿಸಿದೆವು. ಅಮ್ಮ ಇದನ್ನು ಹನ್ನೆರಡನೆಯದು ಎಂದು ಎಣಿಸಲಿಲ್ಲ. ಎಣಿಕೆಯನ್ನೇ ನಿಲ್ಲಿಸಿದ್ದಾಳೆ. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಸಂಪಿನ ಹತ್ತಿರ ಹೋಗುತ್ತಾಳೆ. ಮೇಲಿನ ಮನೆಯವರೆಲ್ಲ ಅವಳನ್ನು ಈಗ "ನೀರಿನ ಅಜ್ಜಿ" ಎನ್ನುತ್ತಾರೆ. ನೀರು ಬರುವುದು ತಡವಾದರೆ ಬಾಲ್ಕನಿಗಳಿಂದ ಅವಳನ್ನೇ ಕೇಳುತ್ತಾರೆ, ನೀರು ಬಿಡುವ ಇಲಾಖೆಯೇ ಅವಳು ಎಂಬಂತೆ. ಸೆಲ್ವಿ ಅರ್ಧ ಗಂಟೆ ಹೆಚ್ಚು ಮಲಗುತ್ತಾಳೆ. ಅವಳ ಮನೆಯ ಸಾಂಬಾರು ನಮಗೂ, ನಮ್ಮ ಮನೆಯ ಸಾರು ಅವಳಿಗೂ ಹೋಗಿ ಬರುತ್ತವೆ.

ಮೊನ್ನೆ ಪ್ರಸನ್ನ ದಸರಾಕ್ಕೆ ಬಾ ಎಂದು ಫೋನ್ ಮಾಡಿದ್ದ. ಹತ್ತು ದಿನವೂ ಇಲ್ಲೇ ಇರಬೇಕು, ಕೋಣೆಗೆ ಹೊಸ ಪರದೆ ಹಾಕಿಸಿದ್ದೇನೆ ಎಂದು ಅವನು ಹೇಳುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು. ನಾನು ಆ ಕಡೆ ತಿರುಗಿ ಉತ್ತರಪತ್ರಿಕೆ ತಿದ್ದುತ್ತಿರುವಂತೆ ಕುಳಿತೆ.

"ಬರ್ತೀನಿ ಕಣೋ, ಬರದೇ ಏನು" ಎಂದಳು ಅಮ್ಮ. "ಭಾನುವಾರ ಬಂದು ಸೋಮವಾರ ಸಂಜೆ ಬಸ್ಸಿಗೆ ಹೊರಡ್ತೀನಿ. ಮಂಗಳವಾರ ಬೆಳಿಗ್ಗೆ ಇಲ್ಲಿ ನೀರ್ ಬಿಡ್ತಾರೆ. ನಿಮ್ಮಕ್ಕಂಗೆ ಹೇಳೋದಾ? ಅಯ್ಯೋ ಅವಳಿಗೆ ವಾಲ್ವ್ ಯಾವ ಕಡೆ ತಿರುಗಿಸ್ಬೇಕು ಅಂತ ನಾಲ್ಕು ಸಲ ತೋರಿಸಿದೀನಿ. ಎಲ್ಲಾ ಬರ್ಕೊಂಡಿದಾಳೆ ಕಣೋ, ತಿರುಗಿಸೋಕ್ ಮಾತ್ರ ಬರಲ್ಲ."